ಬೆಂಗಳೂರಿನ ಬೀದಿ ತಿಂಡಿ: ಗಾಡಿಗಿಂತ ಮೊದಲು ಗಡಿಯಾರ ನೋಡಿ

"ಬೆಂಗಳೂರಿನಲ್ಲಿ ಒಳ್ಳೆಯ ಬೀದಿ ತಿಂಡಿ ಎಲ್ಲಿ ಸಿಗುತ್ತದೆ?" ಎಂದು ಓದುಗರು ಕೇಳುತ್ತಲೇ ಇರುತ್ತಾರೆ. ಕೇಳುವವರಲ್ಲಿ ಕೆಲವರು ಊರಿಗೆ ಹೊಸಬರು. ಇನ್ನು ಕೆಲವರು ಇಲ್ಲೇ ಹುಟ್ಟಿ ಬೆಳೆದು, ಬಡಾವಣೆ ಬದಲಿಸಿದ ಮೇಲೆ ಸಂಜೆಯ ಬಜ್ಜಿಗೆ ದಿಕ್ಕು ಕಾಣದವರು. ಹತ್ತು ಗಾಡಿಗಳ ಹೆಸರು ಬರೆದು ಕೊಡುವುದು ಸುಲಭ, ಆದರೆ ಅಂಥ ಪಟ್ಟಿ ಬಹುಬೇಗ ಹಳಸುತ್ತದೆ. ಗಾಡಿ ಜಾಗ ಬದಲಿಸುತ್ತದೆ, ಪಾಲಿಕೆಯವರು ರಸ್ತೆ ಅಗೆಯುತ್ತಾರೆ, ಕೈರುಚಿಯ ಭಟ್ಟರು ಊರಿಗೆ ಹೋದವರು ಮರಳುವುದಿಲ್ಲ. ಆದ್ದರಿಂದ ಹುಡುಕುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ. ನನ್ನ ಮಟ್ಟಿಗೆ ಇದರ ತಿರುಳು ಇಷ್ಟೇ: ಬೀದಿಯಲ್ಲಿ ಪ್ರತಿ ತಿಂಡಿಗೂ ಅದರದ್ದೇ ಹೊತ್ತಿದೆ. ಆ ಹೊತ್ತಿನಲ್ಲಿ ಸಾಧಾರಣ ಗಾಡಿಯ ತಿಂಡಿಯೂ ರುಚಿಸುತ್ತದೆ. ಹೊತ್ತು ಮೀರಿದರೆ ಹೆಸರುವಾಸಿ ಗಾಡಿಯೂ ಕೈಕೊಡುತ್ತದೆ.

ಹೊರಡುವ ಮುನ್ನ

ಹತ್ತು, ಇಪ್ಪತ್ತು, ಐವತ್ತರ ನೋಟುಗಳಲ್ಲಿ ಒಂದಿಷ್ಟು ನಗದು ಇಟ್ಟುಕೊಳ್ಳಿ. ಮೊಬೈಲಿನಲ್ಲೇ ಎಲ್ಲ ಮುಗಿಯುತ್ತದೆ ಎಂಬ ಧೈರ್ಯ ಬೇಡ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ನಗರದ ಅನೇಕ ಅಂಗಡಿಗಳಲ್ಲಿ, ಗಾಡಿಗಳಲ್ಲಿ "ನಗದು ಮಾತ್ರ" ಎಂಬ ಚೀಟಿ ಅಂಟಿಕೊಂಡಿತ್ತು. ಆ ಗಲಾಟೆ ತಣ್ಣಗಾದರೂ ನೋಟೇ ಇರಲಿ ಎನ್ನುವವರು ಇದ್ದಾರೆ. ಹಾಗೆಂದು ಆಗಷ್ಟೇ ತೆರೆದ ಗಾಡಿಯ ಮುಂದೆ ಐನೂರರ ನೋಟು ಚಾಚಬೇಡಿ. ಬೋಣಿಯ ಹೊತ್ತಿನಲ್ಲಿ ಚಿಲ್ಲರೆಗೆ ಪರದಾಡಿಸುವ ಗಿರಾಕಿಯನ್ನು ಯಾರೂ ನಗುತ್ತಾ ಬರಮಾಡಿಕೊಳ್ಳುವುದಿಲ್ಲ.

ಕುಡಿಯುವ ನೀರನ್ನು ಮನೆಯಿಂದಲೇ ಒಯ್ಯಿರಿ. ಪಾರ್ಸೆಲ್ ತರುವ ಯೋಚನೆ ಇದ್ದರೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೂ ಇರಲಿ. ಕುದಿಯುವ ಸಾಂಬಾರನ್ನು ತೆಳ್ಳನೆಯ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಗಂಟು ಹಾಕಿ ಕೊಡುವ ಪದ್ಧತಿ ಇನ್ನೂ ಹೋಗಿಲ್ಲ. ಡಬ್ಬಿ ಚಾಚಿದವರಿಗೆ ಬೇಡ ಎನ್ನುವ ಗಾಡಿಯವರು ಅಪರೂಪ. ಅಳತೆಯೂ ತುಸು ಧಾರಾಳವಾಗಿಯೇ ಬೀಳುತ್ತದೆ.

1. ಮೊದಲು ಹೊತ್ತನ್ನು ಗೊತ್ತುಮಾಡಿಕೊಳ್ಳಿ

ನಸುಕಿನ ನಾಲ್ಕರಿಂದ ಆರು. ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ವ್ಯಾಪಾರ ನಡೆಯುತ್ತಿರುತ್ತದೆ, ಕಲಾಸಿಪಾಳ್ಯ ಮತ್ತು ಮೆಜೆಸ್ಟಿಕ್‌ಗೆ ದೂರದ ಬಸ್ಸುಗಳು ಬಂದಿಳಿಯುತ್ತಿರುತ್ತವೆ. ಆ ಜನರನ್ನು ನಂಬಿಕೊಂಡು ಚಹಾ, ಇಡ್ಲಿ ಮಾರುವವರು ಇರುತ್ತಾರೆ. ಬಿರಿಯಾನಿ ಪ್ರಿಯರಾದರೆ ಇದೇ ಜಾವದಲ್ಲಿ ಹೊಸಕೋಟೆಯ ಕಡೆಗೆ ಗಾಡಿ ಹತ್ತಬಹುದು. ಅಲ್ಲಿ ಬಿರಿಯಾನಿಗೆ ಸೂರ್ಯೋದಯಕ್ಕೆ ಮೊದಲೇ ಸಾಲು ನಿಲ್ಲುತ್ತದೆ.

ಬೆಳಗ್ಗೆ ಏಳರಿಂದ ಒಂಬತ್ತೂವರೆ. ಇಡ್ಲಿ, ವಡೆ, ಚಿತ್ರಾನ್ನ, ಪುಳಿಯೋಗರೆ, ರೈಸ್ ಬಾತ್. ಈ ಹೊತ್ತಿನ ಗಾಡಿಗಳಲ್ಲಿ ಬಹುಪಾಲು ಅಡುಗೆ ಮನೆಯಲ್ಲೇ ಆಗಿರುತ್ತದೆ. ನಸುಕಿನಲ್ಲಿ ಮಾಡಿ, ಡಬರಿಗಳಿಗೆ ತುಂಬಿ ತಂದಿರುತ್ತಾರೆ. ಆದ್ದರಿಂದ ಎಷ್ಟು ಬೇಗ ಹೋದರೆ ಅಷ್ಟು ಒಳ್ಳೆಯದು. ಹತ್ತು ಗಂಟೆ ದಾಟಿದ ಮೇಲೆ ಅನ್ನದ ತಿಂಡಿಯನ್ನಂತೂ ಮುಟ್ಟಬೇಡಿ. ಬೇಯಿಸಿದ ಅನ್ನ ಉಗುರುಬೆಚ್ಚಗೆ ಗಂಟೆಗಟ್ಟಲೆ ಕುಳಿತರೆ ಅದರಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬಿಸಿ ತಿಂಡಿಯನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿಡಬೇಕು ಎನ್ನುವುದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸೂಚನೆ. ಮುಚ್ಚಳ ತೆಗೆದಾಗ ಹಬೆ ಮುಖಕ್ಕೆ ಹೊಡೆಯದಿದ್ದರೆ ಆ ಪಾತ್ರೆ ಅಷ್ಟು ಬಿಸಿಯಾಗಿಲ್ಲ ಎಂದೇ ತಿಳಿಯಿರಿ.

ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡು. ಕಚೇರಿ ಹೆಚ್ಚಿರುವ ಕಡೆ ಊಟದ ಗಾಡಿಗಳು ಬರುತ್ತವೆ. ಮುದ್ದೆ, ಚಪಾತಿ, ಅನ್ನ ಸಾರು. ಇದು ಹಸಿವಿನ ಊಟವೇ ಹೊರತು ಹುಡುಕಿಕೊಂಡು ಹೋಗಿ ತಿನ್ನುವಂಥದ್ದಲ್ಲ.

ಎರಡೂವರೆಯಿಂದ ನಾಲ್ಕು. ಈ ಹೊತ್ತಿನಲ್ಲಿ ಬೀದಿಯಲ್ಲಿ ಏನನ್ನೂ ತಿನ್ನಬೇಡಿ ಎಂಬುದೇ ನನ್ನ ಸಲಹೆ. ಗಾಜಿನ ಪೆಟ್ಟಿಗೆಯಲ್ಲಿ ಕಾಣುವ ವಡೆ, ಬೋಂಡ ಬೆಳಗಿನವು. ಕೇಳಿದರೆ ಎಣ್ಣೆಯಲ್ಲಿ ಇನ್ನೊಮ್ಮೆ ಮುಳುಗಿಸಿ "ಬಿಸಿ ಬಿಸಿ" ಎಂದು ಕೊಡುತ್ತಾರೆ.

ನಾಲ್ಕೂವರೆಯಿಂದ ಆರೂವರೆ. ಬಜ್ಜಿ, ಬೋಂಡ, ಮಸಾಲೆ ವಡೆಯ ಹೊತ್ತು. ನನಗೆ ಅತ್ಯಂತ ಪ್ರಿಯವಾದದ್ದೂ ಇದೇ. ಹಿಟ್ಟು ಹೊಸದು, ಎಣ್ಣೆ ಇನ್ನೂ ಬಣ್ಣ ತಿರುಗಿರುವುದಿಲ್ಲ, ಮಾಡುವವರ ಕೈಗೂ ದಣಿವಾಗಿರುವುದಿಲ್ಲ.

ಆರೂವರೆಯಿಂದ ಒಂಬತ್ತು. ಮಸಾಲೆ ಪುರಿ, ಪಾನಿ ಪುರಿ, ಚುರುಮುರಿ, ನಿಪ್ಪಟ್ಟು ಮಸಾಲೆ, ದೋಸೆ, ಪಡ್ಡು. ಸಾಮಾನು ಬಂದಷ್ಟೇ ವೇಗದಲ್ಲಿ ಖರ್ಚಾಗುವುದರಿಂದ ಹಳೆಯದು ಉಳಿಯುವ ಅವಕಾಶ ಕಡಿಮೆ. ಒಂಬತ್ತರ ಮೇಲೆ ಬೀದಿ ಗೋಬಿ, ಎಗ್ ರೈಸ್, ಕಬಾಬ್‌ಗಳ ಕೈಗೆ ಹೋಗುತ್ತದೆ. ಆ ಹೊತ್ತಿಗೆ ಚಾಟ್ ಗಾಡಿಯ ಮುಂದೆ ನಿಂತರೆ ತಳದ ಮಸಾಲೆ ನಿಮ್ಮ ಪಾಲಿಗೆ ಬರುತ್ತದೆ.

ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಇದಕ್ಕೊಂದು ತಿದ್ದುಪಡಿ ಇದೆ. ಬೆಂಗಳೂರಿನ ಮಳೆ ಸಂಜೆಯನ್ನೇ ಹುಡುಕಿಕೊಂಡು ಬರುತ್ತದೆ. ಮೋಡ ಕವಿದಿದ್ದರೆ ಐದಕ್ಕೇ ಹೊರಟು ಬಿಡಿ. ಚರಂಡಿ ಉಕ್ಕಿದ ರಸ್ತೆಯಲ್ಲಿ ಎಷ್ಟೇ ಒಳ್ಳೆಯ ಗಾಡಿಯಿದ್ದರೂ ಅಂದು ಅದನ್ನು ಬಿಟ್ಟುಬಿಡುವುದು ಲೇಸು.

2. ಹೊತ್ತಿಗೆ ಹೊಂದುವ ಜಾಗ ಆರಿಸಿ

ಮೊದಲ ಸಲಕ್ಕೆ ಗಾಡಿಗಳು ಗುಂಪಾಗಿ ಇರುವ ಕಡೆಗೇ ಹೋಗಿ. ಒಂದು ಹಿಡಿಸದಿದ್ದರೆ ಪಕ್ಕದಲ್ಲೇ ಇನ್ನೊಂದು ಇರುತ್ತದೆ.

ವಿಶ್ವೇಶ್ವರಪುರದ ತಿಂಡಿ ಬೀದಿ ಎಲ್ಲರೂ ಹೇಳುವ ಹೆಸರು. ಸಜ್ಜನ್ ರಾವ್ ವೃತ್ತದ ಬಳಿ, ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಿಂದ ನಡೆದೇ ಹೋಗಬಹುದು. ಹಗಲಿನಲ್ಲಿ ಅದು ಮಾಮೂಲಿ ರಸ್ತೆ, ಸಂಜೆಯ ಮೇಲೆಯೇ ಅದಕ್ಕೆ ಕಳೆ. ತುಪ್ಪ ಸುರಿದ ಹೋಳಿಗೆ, ಅಕ್ಕಿ ರೊಟ್ಟಿ, ಪಡ್ಡು, ಬಜ್ಜಿ, ದೋಸೆ ಇಲ್ಲಿನ ಬಲ. ಕಡ್ಡಿಗೆ ಸುತ್ತಿದ ಆಲೂಗಡ್ಡೆ ಸುರುಳಿ, ಹೊಗೆಯಾಡುವ ಸಿಹಿತಿಂಡಿಗಳಂಥವು ಕಣ್ಣಿಗಷ್ಟೇ. ಈ ಹೊಗೆಯ ವಿಷಯದಲ್ಲಿ ಎಚ್ಚರವಿರಲಿ. ದ್ರವ ಸಾರಜನಕ ಹೊಟ್ಟೆ ಸೇರಿದರೆ ಒಳಗಿನ ಅಂಗಾಂಶವನ್ನೇ ಸುಡುತ್ತದೆ. 2024ರಲ್ಲಿ ರಾಜ್ಯ ಸರ್ಕಾರ ಅಂಥ ತಿಂಡಿಗಳ ಮೇಲೆ ನಿರ್ಬಂಧ ಹಾಕಿತು. ಇಲ್ಲಿಗೆ ಹೋಗುವವರು ಮಾಡುವ ಎರಡು ತಪ್ಪುಗಳೆಂದರೆ ವಾರಾಂತ್ಯಕ್ಕೆ ಹೋಗುವುದು ಮತ್ತು ಕಾರು ಒಯ್ಯುವುದು. ಮಂಗಳವಾರವೋ ಬುಧವಾರವೋ ಮೆಟ್ರೊದಲ್ಲಿ ಹೋಗಿ. ಮೊದಲು ಒಂದು ತುದಿಯಿಂದ ಇನ್ನೊಂದು ತುದಿಗೆ ಏನೂ ಕೊಳ್ಳದೆ ನಡೆಯಿರಿ, ಹಿಂದಿರುಗುವಾಗ ತಿನ್ನಿ. ತಲೆಬಾಗಿಲಲ್ಲೇ ಹೊಟ್ಟೆ ತುಂಬಿಸಿಕೊಂಡವರು ಕೊನೆಯಲ್ಲಿ ಹೋಳಿಗೆಯ ಕಾವಲಿ ನೋಡಿ ಕೈ ಹಿಸುಕಿಕೊಳ್ಳುತ್ತಾರೆ.

ಅದೇ ನಿಲ್ದಾಣದಿಂದ ಬಸವನಗುಡಿಯ ಗಾಂಧಿ ಬಜಾರ್ ಕೂಡ ಹತ್ತಿರ. ಗದ್ದಲ ಕಡಿಮೆ. ಹೂವು, ಹಣ್ಣು ಕೊಳ್ಳುವ ನೆಪದಲ್ಲಿ ಚುರುಮುರಿ, ಕಾಂಗ್ರೆಸ್ ಕಡಲೆಕಾಯಿ, ಖಾರದ ಬನ್ ಮೆಲ್ಲುತ್ತಾ ಓಡಾಡಬಹುದು. ಮಲ್ಲೇಶ್ವರದ ಸಂಪಿಗೆ ರಸ್ತೆ ಮತ್ತು ಎಂಟನೇ ಅಡ್ಡರಸ್ತೆಯ ಸುತ್ತಮುತ್ತಲೂ ಇದೇ ಬಗೆಯ ಸಂಜೆ. ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಈ ಎರಡನ್ನೇ ಹೇಳುತ್ತೇನೆ.

ಚಿಕ್ಕಪೇಟೆ, ಬಳೇಪೇಟೆಯ ಗಲ್ಲಿಗಳಿಗೆ ವಾರದ ದಿನಗಳಲ್ಲಿ ಹೋಗಬೇಕು. ಅಲ್ಲಿನ ತಿಂಡಿ ಬದುಕಿರುವುದು ವ್ಯಾಪಾರಿಗಳನ್ನೂ ಹಮಾಲರನ್ನೂ ನಂಬಿ. ಭಾನುವಾರ ಬಹಳಷ್ಟು ಮಳಿಗೆಗಳ ಬಾಗಿಲು ಮುಚ್ಚಿರುತ್ತದೆ. ವಿಜಯನಗರ, ರಾಜಾಜಿನಗರದ ಕಡೆಯವರು ಇಷ್ಟು ದೂರ ಬರುವ ಅಗತ್ಯವೇ ಇಲ್ಲ, ಮೆಟ್ರೊ ನಿಲ್ದಾಣದ ಸುತ್ತಲಿನ ರಸ್ತೆಗಳನ್ನು ಸಂಜೆ ಒಮ್ಮೆ ಸುತ್ತಿದರೆ ಸಾಕು.

ಮಾಂಸಾಹಾರಕ್ಕೆ ಶಿವಾಜಿನಗರ. ರಸೆಲ್ ಮಾರುಕಟ್ಟೆಯ ಆಸುಪಾಸಿನಲ್ಲಿ ಕತ್ತಲಾದ ಮೇಲೆ ಕೆಂಡದ ಮೇಲೆ ಸೀಕ್ ಕಬಾಬ್ ತಿರುಗುತ್ತಿರುತ್ತವೆ. ಇಲ್ಲಿ ಮೊದಲ ಪ್ರಶ್ನೆ "ಇದು ಯಾವ ಮಾಂಸ?" ಎಂದೇ ಇರಲಿ. ಕುರಿ, ಕೋಳಿ, ದನ ಮೂರೂ ಅಕ್ಕಪಕ್ಕದಲ್ಲೇ ಇರುತ್ತವೆ. ಸಂಕೋಚವಿಲ್ಲದೆ ಕೇಳಿದರೆ ಸಂಕೋಚವಿಲ್ಲದೆ ಹೇಳುತ್ತಾರೆ.

3. ಮೊಬೈಲಿನಲ್ಲಿ ಹುಡುಕುವ ಬಗೆ

ನಕ್ಷೆಯ ಆ್ಯಪ್‌ನಲ್ಲಿ "ಉತ್ತಮ ತಿಂಡಿ" ಎಂದು ಹುಡುಕಿದರೆ ಹೋಟೆಲುಗಳೇ ಬರುತ್ತವೆ. ತಿಂಡಿಯ ಹೆಸರನ್ನೇ, ಬಡಾವಣೆಯ ಹೆಸರಿನೊಂದಿಗೆ, ಕನ್ನಡದಲ್ಲಿ ಒಮ್ಮೆ ಮತ್ತು ಇಂಗ್ಲಿಷಿನಲ್ಲಿ ಒಮ್ಮೆ ಕೊಟ್ಟು ನೋಡಿ. ಬಂದ ಫಲಿತಾಂಶಗಳಲ್ಲಿ ನಕ್ಷತ್ರಗಳನ್ನು ಎಣಿಸಬೇಡಿ. ಅನಿಸಿಕೆಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿ, ಕಳೆದ ಎರಡು ತಿಂಗಳಿನವನ್ನು ಮಾತ್ರ ಓದಿ. ಜನರು ಹಾಕಿದ ಫೋಟೊಗಳಲ್ಲಿ ತಟ್ಟೆಗಿಂತ ಹಿನ್ನೆಲೆಯನ್ನು ನೋಡಿ: ಬಕೆಟ್, ಎಣ್ಣೆಯ ಬಾಣಲೆ, ಕತ್ತರಿಸುವ ಹಲಗೆ. ಸತ್ಯ ಅಲ್ಲಿರುತ್ತದೆ.

ಕಿರು ವಿಡಿಯೊಗಳನ್ನು ಜಾಗ ತಿಳಿಯಲು ಬಳಸಿ, ರುಚಿ ತಿಳಿಯಲು ಬೇಡ. ಬೆಣ್ಣೆಯ ಗಡ್ಡೆಯನ್ನೇ ಕಾವಲಿಗೆ ಎಸೆಯುವ ದೃಶ್ಯ ಕ್ಯಾಮೆರಾಕ್ಕೆಂದೇ ಮಾಡಿದ್ದು. ಒಂದೇ ಗಾಡಿಯ ವಿಡಿಯೊ ಒಂದೇ ವಾರದಲ್ಲಿ ಹಲವರ ಖಾತೆಗಳಲ್ಲಿ ಒಂದೇ ಧಾಟಿಯಲ್ಲಿ ಕಂಡರೆ ಅದು ಜಾಹೀರಾತು ಎಂದುಕೊಳ್ಳಿ. ಇದಕ್ಕಿಂತ ಒಳ್ಳೆಯ ದಾರಿ ಎಂದರೆ ಕೇಳುವುದು. ಬಡಾವಣೆಯ ದಿನಸಿ ಅಂಗಡಿಯವರನ್ನೋ, ಆಟೋ ನಿಲ್ದಾಣದವರನ್ನೋ "ಇಲ್ಲಿ ಏನು ಚೆನ್ನಾಗಿದೆ?" ಎಂದು ಕೇಳಬೇಡಿ, ದೊಡ್ಡ ಹೋಟೆಲಿನ ಹೆಸರು ಹೇಳಿ ಕಳುಹಿಸುತ್ತಾರೆ. "ಅಣ್ಣಾ, ನೀವು ಸಾಯಂಕಾಲ ಎಲ್ಲಿ ತಿನ್ನುತ್ತೀರಿ?" ಎಂದು ಕೇಳಿ.

4. ಐದು ನಿಮಿಷ ನಿಂತು ನೋಡಿ

ಇಡೀ ಲೇಖನದಲ್ಲಿ ಒಂದೇ ಹಂತವನ್ನು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಗಾಡಿ ಸಿಕ್ಕಿದ ಕೂಡಲೇ ಹಣ ಕೊಡಬೇಡಿ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಯಾರಿಗೋ ಕಾಯುತ್ತಿರುವವರಂತೆ ನಿಲ್ಲಿ.

ಮೊದಲು ಗಿರಾಕಿಗಳನ್ನು ನೋಡಿ. ಗುಂಪಿದ್ದರೆ ಒಳ್ಳೆಯದು ಎಂಬುದು ಅರ್ಧ ಸತ್ಯ. ಡಬ್ಬಿ ಹಿಡಿದು ಬಂದ ಗೃಹಿಣಿ, ಸಮವಸ್ತ್ರದ ಆಟೋ ಚಾಲಕ, ಎದುರು ಅಂಗಡಿಯ ಹುಡುಗ ಇದ್ದರೆ ಅವರು ದಿನವೂ ಬರುವವರು. ಹೊಟ್ಟೆ ಕೆಟ್ಟಿದ್ದರೆ ಎರಡನೇ ಸಲ ಬರುತ್ತಿರಲಿಲ್ಲ. ಎಲ್ಲರ ಕೈಯಲ್ಲೂ ಮೊಬೈಲು ಎತ್ತಿದ್ದರೆ ಆ ಗುಂಪನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ.

ಆಮೇಲೆ ಕೈ. ಮಸಾಲೆ ಪುರಿಯ ಗಾಡಿಯನ್ನೇ ನೋಡೋಣ. ಪುರಿಗಳನ್ನು ಅಂಗೈಯಲ್ಲಿ ನುರಿದು ತಟ್ಟೆಗೆ ಉದುರಿಸಿ, ಬಟಾಣಿಯ ಮಸಾಲೆಯನ್ನು ಸೌಟಿನಲ್ಲಿ ಸುರಿದು, ಸಿಹಿನೀರು, ಖಾರದ ನೀರು ಚಿಮುಕಿಸಿ, ಈರುಳ್ಳಿ, ಕ್ಯಾರೆಟ್ ತುರಿ, ಕೊತ್ತಂಬರಿ, ಸೇವ್ ಹರಡುವುದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಆ ಅರ್ಧ ನಿಮಿಷ ಮುಗಿದ ಮೇಲೆ ಅದೇ ಕೈ ಎಲ್ಲಿಗೆ ಹೋಗುತ್ತದೆ ಎಂಬುದೇ ಪ್ರಶ್ನೆ. ನೋಟಿಗೋ, ಒರೆಸುವ ಬಟ್ಟೆಗೋ, ಮೊಬೈಲಿಗೋ? ಹಣ ತೆಗೆದುಕೊಳ್ಳಲು ಬೇರೆಯವರಿದ್ದರೆ, ಅಥವಾ ಎಡಗೈಯಲ್ಲೇ ತೆಗೆದುಕೊಂಡು ಡಬ್ಬಕ್ಕೆ ಹಾಕುವ ಅಭ್ಯಾಸವಿದ್ದರೆ ಅರ್ಧ ಪರೀಕ್ಷೆ ಗೆದ್ದಂತೆ. ಬಟಾಣಿ ಮಸಾಲೆಯ ಪಾತ್ರೆಯ ಅಂಚಿನಲ್ಲಿ ಗುಳ್ಳೆ ಏಳುತ್ತಿರಬೇಕು. ಪಾತ್ರೆ ತಳ ಕಂಡಾಗ ಹೊಸದನ್ನು ಹಳೆಯದರ ಮೇಲೆಯೇ ಸುರಿಯುತ್ತಾರೋ, ಬೇರೆ ಪಾತ್ರೆಯನ್ನೇ ಒಲೆಗೇರಿಸುತ್ತಾರೋ ಎಂಬುದನ್ನೂ ಗಮನಿಸಿ.

ಮೂರನೆಯದು ನೀರು. ತಟ್ಟೆ ತೊಳೆಯುವ ಬಕೆಟ್‌ನ ನೀರು ಯಾವ ಬಣ್ಣಕ್ಕೆ ತಿರುಗಿದೆ? ಒಂದೇ ಬಕೆಟ್ ಇದ್ದು ಅದು ಸಾರಿನ ಬಣ್ಣದಲ್ಲಿದ್ದರೆ ಮುಂದಕ್ಕೆ ನಡೆಯಿರಿ. ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸುವುದು ಸ್ವಚ್ಛತೆಯಂತೆ ಕಂಡರೂ, ಕುದಿಯುವ ಮಸಾಲೆ ಅದರ ಮೇಲೆ ಬಿದ್ದರೆ ಒಳ್ಳೆಯದಲ್ಲ. ಬಾಳೆ ಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆಯ ತಟ್ಟೆ ಇದ್ದರೆ ಅದನ್ನೇ ಕೇಳಿ. ಇಡ್ಲಿ ಗಾಡಿಗಳಲ್ಲಿ ತಟ್ಟೆಗೆ ಬಟ್ಟೆ ಹಾಸಿದ್ದಾರೋ ಪ್ಲಾಸ್ಟಿಕ್ ಹಾಸಿದ್ದಾರೋ ನೋಡಿ. ಇಡ್ಲಿ ಬೇಯಿಸಲು ಪ್ಲಾಸ್ಟಿಕ್ ಹಾಳೆ ಬಳಸುವುದನ್ನು 2025ರ ಫೆಬ್ರುವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ ತಪಾಸಣೆಯಲ್ಲಿ ಪತ್ತೆಹಚ್ಚಿ, ನಿಷೇಧಿಸುವುದಾಗಿ ಹೇಳಿತು. ಬಜ್ಜಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಡುವುದೂ ಸರಿಯಲ್ಲ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಇಳಿಯುತ್ತದೆ. ಹಾಗೆ ಸುತ್ತಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2023ರ ಸೆಪ್ಟೆಂಬರ್‌ನಲ್ಲಿ ದೇಶದ ಎಲ್ಲ ವ್ಯಾಪಾರಿಗಳಿಗೆ ಸೂಚಿಸಿದೆ.

ನಾಲ್ಕನೆಯದು ಎಣ್ಣೆ. ತಿಂಡಿ ಬಿಟ್ಟಾಗ ಗುಳ್ಳೆ ಎದ್ದು ಬೇಗ ಅಡಗಬೇಕು. ನೊರೆ ಕಟ್ಟಿ ನಿಂತರೆ, ಬೆಂಕಿ ಸಣ್ಣದಿದ್ದರೂ ಹೊಗೆ ಬಂದರೆ, ಜಾಲರಿಯಿಂದ ಜೇನಿನ ಹಾಗೆ ಎಳೆಎಳೆಯಾಗಿ ಇಳಿದರೆ ಆ ಎಣ್ಣೆ ಸತ್ತಿದೆ. ಕಾನೂನಿನಲ್ಲಿ ಇದಕ್ಕೊಂದು ಅಳತೆ ಇದೆ: ಒಟ್ಟು ಧ್ರುವೀಯ ಸಂಯುಕ್ತಗಳು, ಅಂದರೆ ಎಣ್ಣೆ ಮತ್ತೆ ಮತ್ತೆ ಕಾದು ಒಡೆದಾಗ ಹುಟ್ಟುವ ವಸ್ತುಗಳು, ಶೇ 25 ಮೀರಿದ ಎಣ್ಣೆಯನ್ನು ಬಳಸುವಂತಿಲ್ಲ. 2018ರ ಜುಲೈ 1ರಿಂದ ಇದು ಜಾರಿಯಲ್ಲಿದೆ. ಅಳೆಯುವ ಉಪಕರಣ ನಿಮ್ಮ ಬಳಿ ಇರುವುದಿಲ್ಲ, ಮೂಗು ಇದೆಯಲ್ಲ. ಹಳೆಯ ಎಣ್ಣೆಯ ಕಮಟು ಗಾಡಿಗೆ ಹತ್ತು ಹೆಜ್ಜೆ ಇರುವಾಗಲೇ ಹೇಳಿಬಿಡುತ್ತದೆ.

ಕೊನೆಯದು, ಬಹಳ ಜನ ಮರೆಯುವಂಥದ್ದು: ಚಟ್ನಿ. ದೋಸೆ ಕಾವಲಿಯಿಂದ ನೇರವಾಗಿ ಬರುತ್ತದೆ, ಅದರಿಂದ ಕೇಡಾಗುವುದು ವಿರಳ. ಕೇಡು ಬರುವುದು ಬೇಯದೆ ಪಕ್ಕದಲ್ಲಿರುವ ವಸ್ತುಗಳಿಂದ. ತೆಂಗಿನಕಾಯಿ ಚಟ್ನಿ ಸೆಖೆಗೆ ಬೇಗ ಹುಳಿಯಾಗುತ್ತದೆ. ಗಿರಾಕಿ ಹೆಚ್ಚಾದಾಗ ಅದಕ್ಕೆ ಚೊಂಬು ನೀರು ಬೆರೆಸುವುದೂ ಉಂಟು. ಆ ನೀರು ಕುದಿಸಿದ್ದಲ್ಲ. ಚಟ್ನಿ ನೀರಾಗಿದ್ದರೆ, ತುಸು ನೊರೆ ಕಂಡರೆ, "ಚಟ್ನಿ ಬೇಡ, ಪಲ್ಯ ಹೆಚ್ಚು ಹಾಕಿ" ಎಂದುಬಿಡಿ. ಬೆಳಗ್ಗೆಯೇ ಹೆಚ್ಚಿಟ್ಟ ಈರುಳ್ಳಿ, ಸೌತೆಕಾಯಿಗೂ ಇದೇ ಮಾತು. ಪಾನಿ ಪುರಿಯಲ್ಲಿ ಎಲ್ಲವೂ ಆ ನೀರಿನ ಮೇಲೆಯೇ ನಿಂತಿದೆ. ಕ್ಯಾನಿನ ನೀರು ಬಳಸುವುದು ಕಣ್ಣಿಗೆ ಕಂಡರೆ ತಿನ್ನಿ, ಕಾಣದಿದ್ದರೆ ಅದೇ ಗಾಡಿಯಲ್ಲಿ ಬಿಸಿ ಮಸಾಲೆ ಪುರಿ ತೆಗೆದುಕೊಳ್ಳಿ. ಹಾಗೆ ನೋಡಿದರೆ ಮಸಾಲೆ ಪುರಿಯೇ ನಮ್ಮೂರಿನದ್ದು, ನಷ್ಟವೇನಿಲ್ಲ.

5. ಬಣ್ಣಕ್ಕೆ ಮರುಳಾಗಬೇಡಿ

ಗೋಬಿ ಮಂಚೂರಿ ಕೆಂಡದಂತೆ ಕೆಂಪಗಿದ್ದರೆ ಅದು ಮೆಣಸಿನಕಾಯಿಯ ಕೆಂಪಲ್ಲ. ಬ್ಯಾಡಗಿ ಮೆಣಸಿನಕಾಯಿ ಕೊಡುವುದು ಕಂದು ಬೆರೆತ ಕೆಂಪು, ಅದೂ ಎಣ್ಣೆಯೊಡನೆ ಬಿಟ್ಟುಕೊಳ್ಳುತ್ತದೆ. ಬೆರಳಿಗೆ ಹತ್ತಿದ ಬಣ್ಣ ಒರೆಸಿದರೂ ಹೋಗದಿದ್ದರೆ ಅನುಮಾನ ಪಡಿ. 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಯಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿತು. ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಕೃತಕ ಬಣ್ಣ ಸಿಕ್ಕಿತ್ತು. ಬೊಂಬಾಯಿ ಮಿಠಾಯಿಯ ಗುಲಾಬಿ ಬಣ್ಣದ ಹಿಂದಿದ್ದದ್ದು ರೋಡಮೈನ್‌-ಬಿ, ಅದು ಬಟ್ಟೆಗೆ ಹಾಕುವ ಬಣ್ಣ. ಅದೇ ವರ್ಷದ ಜೂನ್‌ನಲ್ಲಿ ಕಬಾಬ್‌ಗೂ ನಿಷೇಧ ವಿಸ್ತರಿಸಿತು. ಪಾನಿ ಪುರಿಯ ಸುಮಾರು 260 ಮಾದರಿಗಳಲ್ಲಿ 41 ಅಸುರಕ್ಷಿತವೆಂದು ಕಂಡುಬಂದವು.

ನಿಷೇಧದ ನಂತರ ಹಲವು ಗಾಡಿಗಳಲ್ಲಿ "ಬಣ್ಣ ಬಳಸುವುದಿಲ್ಲ" ಎಂಬ ಫಲಕ ಬಂದಿದೆ. ಫಲಕ ಓದಿ ಸುಮ್ಮನಾಗದೆ ಬಾಣಲೆಯತ್ತಲೂ ಒಮ್ಮೆ ಕಣ್ಣು ಹಾಯಿಸಿ. ಪೇಲವವಾದ, ತುಸು ಕಪ್ಪಿಟ್ಟ ಗೋಬಿ ನೋಡಲು ಚೆಂದವಿಲ್ಲದಿರಬಹುದು, ಮಕ್ಕಳಿಗೆ ಕೊಡಿಸುವುದಾದರೆ ಅದನ್ನೇ ಕೊಡಿಸಿ.

6. ಕೇಳಿ, ಆಮೇಲೆ ತಿನ್ನಿ

ಬೆಲೆಯ ಫಲಕವಿಲ್ಲದಿದ್ದರೆ ಮೊದಲೇ ಕೇಳಿ. ಒಂದು ಗಾಡಿಯಲ್ಲಿ ಒಂದೇ ತಿಂಡಿ, ಅದೂ ಅರ್ಧ ಪ್ಲೇಟ್ ಅಥವಾ ಇಬ್ಬರಿಗೆ ಒಂದು. ಇದೇ ಲೆಕ್ಕದಲ್ಲಿ ಹೋದರೆ ಒಂದು ಸಂಜೆಗೆ ಮೂರು ಗಾಡಿ ಆರಾಮವಾಗಿ ಮುಗಿಯುತ್ತದೆ. ಇಪ್ಪತ್ತು ಬಗೆ ಮಾಡುವ ಗಾಡಿಯಲ್ಲಿ ಯಾವುದು ಹೆಚ್ಚು ಖರ್ಚಾಗುತ್ತಿದೆ ಎಂದು ನೋಡಿ ಅದನ್ನೇ ತೆಗೆದುಕೊಳ್ಳಿ. ನಿಮಗಾಗಿ ಮೂಲೆಯ ಡಬ್ಬಿ ತೆರೆಯುವ ತಿಂಡಿ ಬೇಡ.

ಸಸ್ಯಾಹಾರಿಗಳು ಗಮನಿಸಬೇಕಾದದ್ದು: ರಾತ್ರಿಯ ಗಾಡಿಗಳಲ್ಲಿ ಗೋಬಿಯೂ ಚಿಕನ್ ಕಬಾಬೂ ಒಂದೇ ಎಣ್ಣೆಯಲ್ಲಿ ಕರಿಯುತ್ತವೆ, ಎಗ್ ರೈಸ್ ಮಾಡಿದ ಬಾಣಲೆಯಲ್ಲೇ ವೆಜ್ ರೈಸೂ ಆಗುತ್ತದೆ. "ಬೇರೆ ಬಾಣಲೆ ಇದೆಯೇ?" ಎಂದು ನೇರವಾಗಿ ಕೇಳಬೇಕು. ಕಡಲೆಕಾಯಿಯ ಅಲರ್ಜಿ ಇರುವವರಿಗೆ ಈ ಊರಿನ ಚುರುಮುರಿ, ನಿಪ್ಪಟ್ಟು ಎರಡೂ ಕಷ್ಟ.

7. ಫುಡ್ ಟ್ರಕ್ ಹುಡುಕುವುದು ಬೇರೆಯೇ ಲೆಕ್ಕ

ತಳ್ಳುಗಾಡಿಗೆ ಮೂಲೆ ಇದೆ, ಟ್ರಕ್‌ಗೆ ಚಕ್ರ ಇದೆ. ಕೋರಮಂಗಲ, ಎಚ್‌ಎಸ್‌ಆರ್ ಬಡಾವಣೆ, ಇಂದಿರಾನಗರ, ವೈಟ್‌ಫೀಲ್ಡ್, ಸರ್ಜಾಪುರ ರಸ್ತೆಯ ಕಡೆ ಇವು ಹೆಚ್ಚು. ಬಹುತೇಕ ಸಣ್ಣ ಸರಕು ವಾಹನವನ್ನೇ ಅಡುಗೆಮನೆಯಾಗಿ ಮಾರ್ಪಡಿಸಿದವು. ಕೆಲವು ದಿನವೂ ಒಂದೇ ಕಡೆ ನಿಲ್ಲುತ್ತವೆ. ಕೆಲವು ವಾರದ ಒಂದೊಂದು ದಿನ ಒಂದೊಂದು ಅಪಾರ್ಟ್‌ಮೆಂಟ್ ಸಮುಚ್ಚಯದ ಗೇಟಿಗೆ ಹೋಗುತ್ತವೆ. ಇನ್ನು ಕೆಲವು ಮೇಳ, ಮದುವೆಗಳಿಗಷ್ಟೇ.

ಆದ್ದರಿಂದ ನಕ್ಷೆಯಲ್ಲಿನ ಗುರುತನ್ನು ನಂಬಿ ಹೊರಡಬೇಡಿ. ಟ್ರಕ್‌ನವರ ಇನ್‌ಸ್ಟಾಗ್ರಾಂ ಖಾತೆಯಲ್ಲಿ ಅಂದಿನ ಸ್ಟೋರಿ ನೋಡಿ, ಅಂದಿನದು ಇಲ್ಲದಿದ್ದರೆ ಸಂದೇಶ ಕಳುಹಿಸಿ ಅಥವಾ ಕರೆ ಮಾಡಿ. "ಎಷ್ಟು ಹೊತ್ತಿನವರೆಗೆ ಇರುತ್ತೀರಿ?" ಎನ್ನುವುದರ ಜೊತೆಗೆ "ಎಷ್ಟು ಹೊತ್ತಿಗೆ ಖಾಲಿಯಾಗುತ್ತದೆ?" ಎಂದೂ ಕೇಳಿ. ಟ್ರಕ್‌ನಲ್ಲಿ ಸಾಮಾನು ಇಡುವ ಜಾಗ ಕಡಿಮೆ, ಒಂಬತ್ತೂವರೆಗೆ ಹೋದರೆ ಮುಖ್ಯ ತಿಂಡಿಯೇ ಮುಗಿದಿರಬಹುದು.

ಮುಂದೆ ನಿಂತಾಗ ಮೆನು ಚಿಕ್ಕದಿದೆಯೇ ನೋಡಿ. ನೂಡಲ್ಸ್, ಪಾಸ್ತಾ, ಮೊಮೊ, ಬರ್ಗರ್, ಶವರ್ಮಾ ಎಲ್ಲವೂ ಅಷ್ಟು ಇಕ್ಕಟ್ಟಿನಲ್ಲಿ ತಯಾರಾಗುತ್ತದೆ ಎಂದರೆ ಶೈತ್ಯೀಕರಿಸಿದ ಪೊಟ್ಟಣ ಕತ್ತರಿಸುತ್ತಿದ್ದಾರೆ ಎಂದರ್ಥ. ಹಣ ಕೊಟ್ಟು ತಿನ್ನುವಷ್ಟು ಅದು ಯೋಗ್ಯವಲ್ಲ. ಶವರ್ಮಾ ತಿನ್ನುವವರು ಮೇಯನೇಸ್ ಹೇಗೆ ಮಾಡಿದ್ದು ಎಂದು ಕೇಳಲೇಬೇಕು. ಹಸಿ ಮೊಟ್ಟೆಯ ಮೇಯನೇಸ್‌ನಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಭಯವಿದೆ. ನೆರೆಯ ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಅದನ್ನು ಒಂದೊಂದು ವರ್ಷದ ಮಟ್ಟಿಗೆ ನಿಷೇಧಿಸಿದವು.

ಒಲೆಗೆ ಯಾವ ಸಿಲಿಂಡರ್ ಎಂದೂ ನೋಡಬಹುದು. ವಾಣಿಜ್ಯ ಬಳಕೆಯದ್ದು 19 ಕಿಲೊ ತೂಕದ್ದು. ಮನೆಬಳಕೆಯ ಕೆಂಪು ಬಣ್ಣದ 14.2 ಕಿಲೊ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ. ಅದನ್ನೇ ಕದ್ದುಮುಚ್ಚಿ ಬಳಸುವವರು ಉಳಿದ ನಿಯಮಗಳಿಗೂ ಅಷ್ಟೇ ಬೆಲೆ ಕೊಟ್ಟಿರುತ್ತಾರೆ.

ಟ್ರಕ್ ಎಂದ ಮೇಲೆ ಎಫ್‌ಎಸ್‌ಎಸ್‌ಎಐ ಸಂಖ್ಯೆ ಎದ್ದು ಕಾಣುವಂತೆ ಇರಬೇಕು. ಇದು ಭಾರತೀಯ ಆಹಾರ ಸುರಕ್ಷತಾ ಮತ್ತು ಗುಣಮಟ್ಟ ಪ್ರಾಧಿಕಾರ ಕೊಡುವ 14 ಅಂಕಿಗಳ ಸಂಖ್ಯೆ. ಮೊದಲ ಅಂಕಿ 1 ಆಗಿದ್ದರೆ ಪರವಾನಗಿ, 2 ಆಗಿದ್ದರೆ ಸಣ್ಣ ವ್ಯಾಪಾರಿಗಳ ನೋಂದಣಿ. ರಾಜ್ಯದಲ್ಲಿ ಪಡೆದದ್ದಾದರೆ ಅದರ ಮುಂದಿನ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕಕ್ಕೆ 12. ನಂತರದ ಎರಡು ವರ್ಷವನ್ನು ಹೇಳುತ್ತವೆ. ಅಂದರೆ 21223 ಎಂದು ಆರಂಭವಾದರೆ 2023ರಲ್ಲಿ ಕರ್ನಾಟಕದಲ್ಲಿ ಆದ ನೋಂದಣಿ. ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲಿ ಈ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ತಳ್ಳುಗಾಡಿಗೂ ನೋಂದಣಿ ಬೇಕೆಂಬುದೇ ಕಾನೂನು. ಆದರೂ ಅಲ್ಲಿ ನಾನು ಫಲಕಕ್ಕಿಂತ ಬಕೆಟ್ಟನ್ನೇ ಮೊದಲು ನೋಡುತ್ತೇನೆ.

8. ವರ್ಷಕ್ಕೊಮ್ಮೆ ಬರುವುದನ್ನು ಬಿಡಬೇಡಿ

ಡಿಸೆಂಬರ್, ಜನವರಿಯಲ್ಲಿ ಅವರೆಕಾಯಿ. ಚಳಿಗೆ ಸೊಗಡು ಕಟ್ಟಿದ ಅವರೆಯ ಹಿತಕಿದ ಬೇಳೆ ಹಾಕಿದ ದೋಸೆ, ಅಕ್ಕಿ ರೊಟ್ಟಿ, ಉಪ್ಪಿಟ್ಟು ಎಲ್ಲೆಡೆ ಕಾಣುತ್ತವೆ. ಅವರೆಬೇಳೆ ಮೇಳದ ಜಾಗ ಮತ್ತು ದಿನಾಂಕವನ್ನು ಆಯಾ ವರ್ಷದ ಪತ್ರಿಕೆಗಳಲ್ಲಿ ನೋಡಿಕೊಳ್ಳಿ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಯ ಬಳಿ ಕಡಲೆಕಾಯಿ ಪರಿಷೆ. ಹಸಿಯದು, ಹುರಿದದ್ದು, ಬೇಯಿಸಿದ್ದು ಮೂರೂ ಸಿಗುತ್ತವೆ. ರಂಜಾನ್ ತಿಂಗಳಲ್ಲಿ ಫ್ರೇಜರ್ ಟೌನ್‌ನ ಮಾಸ್ಕ್ ರಸ್ತೆ, ಶಿವಾಜಿನಗರದಲ್ಲಿ ಹಲೀಮ್, ಸಮೋಸ, ಕಬಾಬ್. ಉಪವಾಸ ಬಿಡುವ ಗಳಿಗೆಗೆ ಹೋಗಿ ನುಗ್ಗಬೇಡಿ, ಒಂದು ಗಂಟೆ ತಡೆದು ಹೋಗಿ. ಚಾಂದ್ರಮಾನದ ಲೆಕ್ಕವಾದ್ದರಿಂದ ಈ ತಿಂಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಬರುತ್ತದೆ.

9. ಇಷ್ಟಾಗಿಯೂ ಹೊಟ್ಟೆ ಕೆಟ್ಟರೆ

ಓಆರ್‌ಎಸ್, ಅಂದರೆ ಸಕ್ಕರೆ ಮತ್ತು ಲವಣಗಳ ಪುಡಿಯನ್ನು ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಯಿರಿ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಮಲದಲ್ಲಿ ರಕ್ತ, ಜ್ವರ, ಮೂತ್ರ ಕಡಿಮೆಯಾಗುವುದು ಕಂಡರೆ, ಅಥವಾ ತಿಂದವರು ಮಕ್ಕಳೋ ವೃದ್ಧರೋ ಗರ್ಭಿಣಿಯರೋ ಆಗಿದ್ದರೆ ಕಾಯದೆ ವೈದ್ಯರ ಬಳಿ ಹೋಗಿ.

ಜೊತೆಗೆ ತಿಂದ ಬೇರೆಯವರಿಗೂ ಹಾಗೇ ಆಗಿದ್ದರೆ ದೂರು ಕೊಡಿ. ಮೇಲೆ ಹೇಳಿದ ಆ್ಯಪ್‌ನಲ್ಲೇ ಅದಕ್ಕೆ ಅವಕಾಶವಿದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಗಾಡಿ ನಿಲ್ಲುವ ನಿಖರವಾದ ಜಾಗ, ತಿಂದ ದಿನ ಮತ್ತು ಗಂಟೆ, ತಿಂಡಿಯ ಹೆಸರು, ಇದ್ದರೆ ನೋಂದಣಿ ಸಂಖ್ಯೆಯ ಫೋಟೊ ಬೇಕಾಗುತ್ತದೆ. ಗಾಡಿಯವರು ಬಿಲ್ ಕೊಡುವುದಿಲ್ಲವಾದ್ದರಿಂದ, ಯುಪಿಐನಲ್ಲಿ ಪಾವತಿಸಿದ್ದರೆ ಆ ವಿವರದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.